ಆಂಟಿಬಯೋಟಿಕ್ ತಗೊಳ್ಳುವಾಗ ಮಾಡಿಸಿದ ಎಚ್‌ಐವಿ ಟೆಸ್ಟ್ ನಂಬಬಹುದಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಹುಡುಗ:
ಕಾಂಡೋಮ್ ಇಲ್ಲದೆ ಒಮ್ಮೆ ಸಂಬಂಧ ಆಗಿತ್ತು. ಏಳು ವಾರ ಕಳೆದ ಮೇಲೆ ಲ್ಯಾಬಿನಲ್ಲಿ ಫೋರ್ತ್ ಜನರೇಷನ್ ಟೆಸ್ಟ್ ಮಾಡಿಸಿದೆ. ನಾನ್ ರಿಯಾಕ್ಟಿವ್, ಅಂದರೆ ನೆಗೆಟಿವ್ ಬಂದಿದೆ. ಆದರೆ ಆ ವಾರ ಗಂಟಲು ನೋವಿಗೆ ಅಜಿತ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್, ಸಿಟ್ರಿಜಿನ್ ಅನ್ನುವ ಅಲರ್ಜಿ ಮಾತ್ರೆ ನುಂಗುತ್ತಿದ್ದೆ. ಥೈರಾಯ್ಡ್ ಮಾತ್ರೆ ದಿನಾ ಇದ್ದೇ ಇದೆ. ಇವುಗಳಿಂದ ರಿಪೋರ್ಟ್ ತಪ್ಪು ಬರುತ್ತಾ? ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ನಿದ್ದೆ ಪೂರ್ತಿ ಹೋಗಿದೆ.

ಹುಬ್ಬಳ್ಳಿಯವ:
ತಮ್ಮಾ, ನನ್ನದು ಕೇಳು. ನಾನು ಮೊಡವೆಗೆ ಡಾಕ್ಸಿಸೈಕ್ಲಿನ್ ತಗೊಳ್ಳುತ್ತಿದ್ದೆ. ಇದೇ ಸಂಶಯ. ಮೊದಲ ಟೆಸ್ಟಿಗೆ 650 ರೂಪಾಯಿ, ಮನೆಗೆ ಬಂದು ರಕ್ತ ತಗೊಂಡಿದ್ದಕ್ಕೆ 150. ರಿಪೋರ್ಟಿನಲ್ಲಿ ನಾನ್ ರಿಯಾಕ್ಟಿವ್ ಪಕ್ಕ 0.09 ಅಂತ ಇತ್ತು. ಸಮಾಧಾನ ಆಗದೆ ಬೇರೆ ಲ್ಯಾಬಿಗೆ ಹೋದೆ. ಅಲ್ಲಿ 0.21. ಅಯ್ಯೋ ಏರುತ್ತಿದೆ ಅಂತ ಅಂಗಡಿ ಶಟರ್ ಎಳೆದು ಒಳಗೆ ಕೂತುಬಿಟ್ಟೆ. ಆಮೇಲೆ ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್‌ಗೆ 4,800 ಕೊಟ್ಟೆ. ಸ್ಯಾಂಪಲ್ ಮುಂಬೈಗೆ ಹೋಯಿತು. ಕೆಟ್ಟಿದೆ, ಮತ್ತೆ ರಕ್ತ ಕೊಡಿ ಅಂತ ರಾತ್ರಿ ಒಂಬತ್ತಕ್ಕೆ ಫೋನ್. ಆ ಹೊತ್ತಿಗೆ ಲ್ಯಾಬಿನವರ ಫೋನ್ ಬಂದರೆ ಮನುಷ್ಯನಿಗೆ ಹೇಗಾಗಬೇಕು ಹೇಳು. ಮತ್ತೆ ದುಡ್ಡು ಕೇಳಲಿಲ್ಲ, ಅದೇ ಪುಣ್ಯ. ಎಲ್ಲವೂ ನೆಗೆಟಿವ್ ಬಂತು. ಒಳ್ಳೆ ಪ್ರೈವೇಟ್ ಲ್ಯಾಬಿನಲ್ಲಿ ಮನಸ್ಸು ಒಪ್ಪುವ ತನಕ ಮಾಡಿಸು. ಸರ್ಕಾರಿ ಆಸ್ಪತ್ರೆ ಕಡೆ ಹೋಗಬೇಡ, ಊರಿಗೆಲ್ಲ ಗೊತ್ತಾಗುತ್ತೆ.

ಮೈಸೂರು ಲ್ಯಾಬ್ ಟೆಕ್ನಿಷಿಯನ್:
ಹುಬ್ಬಳ್ಳಿ ಸರ್, ಆ 0.09, 0.21 ನೋಡಿ ಹೆದರಿದವರು ನಮ್ಮಲ್ಲಿಗೆ ವಾರಕ್ಕೊಬ್ಬರಾದರೂ ಬರುತ್ತಾರೆ. ಅದು ಯಂತ್ರ ಕೊಡುವ ಅಳತೆ. ಹೆಚ್ಚಿನ ಯಂತ್ರಗಳಲ್ಲಿ 1ಕ್ಕಿಂತ ಕಡಿಮೆ ಇದ್ದರೆ ನಾನ್ ರಿಯಾಕ್ಟಿವ್, ಅಷ್ಟೇ. ಎರಡು ಲ್ಯಾಬಿನ ಅಂಕಿ ಹೋಲಿಸುವ ಹಾಗೇ ಇಲ್ಲ. ಇನ್ನು ಔಷಧಿ ವಿಷಯ. ಈ ಟೆಸ್ಟ್ ಹುಡುಕುವುದು ವೈರಸ್ಸಿನ ಪಿ24 ಅನ್ನುವ ಪ್ರೋಟೀನನ್ನು ಮತ್ತು ನಮ್ಮ ದೇಹ ಮಾಡಿಕೊಳ್ಳುವ ಆಂಟಿಬಾಡಿಯನ್ನು. ಅಜಿತ್ರೋಮೈಸಿನ್, ಪ್ಯಾರಾಸಿಟಮಾಲ್, ಅಲರ್ಜಿ, ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಯಾವುದೂ ಇವೆರಡನ್ನು ಮುಟ್ಟಲ್ಲ. ಲೆಕ್ಕಕ್ಕೆ ಬರುವುದು ಬೇರೆ: ಎಚ್‌ಐವಿ ತಡೆಯಲು ಸಂಬಂಧ ಆದ ಮೇಲೆ ಕೊಡುವ ಪೆಪ್, ಮುಂಚೆಯೇ ಕೊಡುವ ಪ್ರೆಪ್ ಮಾತ್ರೆ, ಕ್ಯಾನ್ಸರಿನ ಕೀಮೋ, ಕಿಡ್ನಿ ಕಸಿ ಆದವರ ಔಷಧಿ. ಇವು ಆಂಟಿಬಾಡಿ ಬರುವುದನ್ನು ತಡ ಮಾಡಬಹುದು. ಸರ್ಕಾರಿ ಐಸಿಟಿಸಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಟೆಸ್ಟ್ ಉಚಿತ. ಮೊದಲ ಕಿಟ್ ರಿಯಾಕ್ಟಿವ್ ಬಂದರೆ ಇನ್ನೆರಡು ಬೇರೆ ಕಿಟ್‌ನಲ್ಲಿ ನೋಡುತ್ತೇವೆ. ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್ ಅನ್ನುತ್ತೇವೆ. ಊರಿಗೆ ಗೊತ್ತಾಗುತ್ತೆ ಅಂತ ಸುಮ್ನೆ ಹಬ್ಬಿಸಬೇಡಿ.

ತುಮಕೂರಿನ ಗೃಹಿಣಿ:
ಮೂರು ಕಿಟ್ ಮಾತು ನಿಜ. ನನ್ನನ್ನು ಉಳಿಸಿದ್ದೇ ಅದು. ಎರಡನೇ ಬಸಿರಿನಲ್ಲಿ ಒಂದು ಪ್ರೈವೇಟ್ ನರ್ಸಿಂಗ್ ಹೋಮಿನಲ್ಲಿ ರಿಯಾಕ್ಟಿವ್ ಅಂದುಬಿಟ್ಟರು. ಒಳಗೆ ಕರೆದು ಹೇಳಿದ್ದರೆ ಬೇರೆ ಮಾತು. ಕೌಂಟರಿನಲ್ಲಿ, ನನ್ನ ಅತ್ತೆ ಪಕ್ಕದಲ್ಲಿ ನಿಂತಿರುವಾಗ ಹೇಳಿದರು. ಮನೆಗೆ ಬಂದರೆ ನನ್ನ ತಟ್ಟೆ ಲೋಟ ಬೇರೆ. ನನ್ನ ತಾಯಿ ಮಾತ್ರ ಕಬ್ಬಿಣದ ಮಾತ್ರೆಯಿಂದ ಹಾಗೆ ಬಂದಿರಬೇಕು, ಟಿಟಿ ಇಂಜೆಕ್ಷನ್‌ನಿಂದ ಇರಬೇಕು ಅಂತ ಎಲ್ಲರ ಹತ್ತಿರ ವಾದ ಮಾಡುತ್ತಿದ್ದರು. ಜಿಲ್ಲಾಸ್ಪತ್ರೆಯ ಆಪ್ತಸಮಾಲೋಚಕಿ ಬಾಗಿಲು ಹಾಕಿ ಕೂರಿಸಿ, ಬಸಿರಿನಲ್ಲಿ ಕೆಲವೊಮ್ಮೆ ಮೊದಲ ಟೆಸ್ಟ್ ಸುಳ್ಳು ರಿಯಾಕ್ಟಿವ್ ಬರುತ್ತೆ ಅಮ್ಮಾ, ಮಾತ್ರೆ ಕಾರಣ ಅಲ್ಲ ಅಂದರು. ಉಳಿದ ಎರಡೂ ಕಿಟ್ ನೆಗೆಟಿವ್. ಮತ್ತೆ ಕರೆಸಿ ಮಾಡಿದ್ದೂ ನೆಗೆಟಿವ್. ಹುಬ್ಬಳ್ಳಿಯವರೇ, ಊರಿಗೆ ಡಂಗುರ ಹೊಡೆದದ್ದು ನೀವು ಹೊಗಳುವ ಪ್ರೈವೇಟಿನವರೇ.

ಹುಬ್ಬಳ್ಳಿಯವ:
ಮೇಡಂ, ಒಂದು ಕಡೆ ಹೀಗಾಯಿತು ಅಂತ ಎಲ್ಲರನ್ನೂ ಬಯ್ಯಬೇಡಿ. ನಮ್ಮ ಊರಲ್ಲಿ ಐಸಿಟಿಸಿ ಮುಂದೆ ನಿಂತರೆ ನೋಡಿದವರೆಲ್ಲ ಅದಕ್ಕೇ ಬಂದಿದ್ದಾನೆ ಅಂತಾರೆ.

ತುಮಕೂರಿನ ಗೃಹಿಣಿ:
ಬಸಿರಿ ಹೆಂಗಸರೆಲ್ಲ ಅಲ್ಲೇ ನಿಲ್ಲುತ್ತೇವೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ರಿಪೋರ್ಟ್ ಬೇರೆಯವರಿಗೆ ಹೇಳುವ ಹಾಗೂ ಇಲ್ಲ. ಇದು ನನಗೆ ಆಗ ಗೊತ್ತಿದ್ದರೆ ಆ ಕೌಂಟರಿನಲ್ಲೇ ಕೇಳುತ್ತಿದ್ದೆ.

ಮಂಗಳೂರಿನಿಂದ:
ನಾನು ಪೆಪ್ ತಗೊಂಡವನು. ಕಾಂಡೋಮ್ ಹರಿದಿತ್ತು. 72 ಗಂಟೆಯೊಳಗೆ ಶುರು ಮಾಡಬೇಕು ಅಂತ ಗೊತ್ತಿದ್ದರಿಂದ ಮರುದಿನವೇ ಡಾಕ್ಟರ್ ಹತ್ತಿರ ಓಡಿದೆ. ಅವತ್ತು ಭಾನುವಾರ ಬೇರೆ. ಕನ್ಸಲ್ಟೇಷನ್ 800, ಮಾತ್ರೆ ಡಬ್ಬಕ್ಕೆ 2,350, ಕಿಡ್ನಿ ಲಿವರ್ ಟೆಸ್ಟಿಗೆ 1,150. 28 ದಿನ ದಿನಕ್ಕೊಂದು ಮಾತ್ರೆ. ಮೊದಲ ವಾರ ಬೆಳಿಗ್ಗೆ ಎದ್ದರೆ ಓಕರಿಕೆ, ರಾತ್ರಿ ಚಿತ್ರವಿಚಿತ್ರ ಕನಸು. ಒಂದು ದಿನವೂ ತಪ್ಪಿಸಲಿಲ್ಲ. ಪೆಪ್ ತಗೊಂಡವರು ಆರನೇ ವಾರದ ರಿಪೋರ್ಟ್ ನೋಡಿ ಮುಗೀತು ಅಂದುಕೊಳ್ಳಬಾರದು, 12 ವಾರಕ್ಕೆ ಇನ್ನೊಂದು ಮಾಡಿಸಲೇಬೇಕು ಅಂದರು ನನ್ನ ಡಾಕ್ಟರ್. ಗಂಟಲು ನೋವಿನ ಮಾತ್ರೆಗೂ ಇದಕ್ಕೂ ಏನು ಸಂಬಂಧ?

ಹಾಸನದ ಹಿರಿಯ:
ಇಷ್ಟೆಲ್ಲ ಟೆಸ್ಟ್ ಯಾಕೆ? ಅಮೃತಬಳ್ಳಿ ಕಷಾಯ ಕುಡಿಯಿರಿ. ನಮ್ಮ ಕಡೆ ಒಬ್ಬರಿಗೆ ಪಾಸಿಟಿವ್ ಇದ್ದದ್ದು ನೆಗೆಟಿವ್ ಆಗಿದೆ.

ಬೆಳಗಾವಿಯಿಂದ, 2009ರಿಂದ ಪಾಸಿಟಿವ್:
ಹಿರಿಯರೇ, ದಯವಿಟ್ಟು ಇದನ್ನು ಅಳಿಸಿ. ನನ್ನ ಜೊತೆ ಎಚ್‌ಐವಿ ಅಡಗಿಸುವ ಎಆರ್‌ಟಿ ಮಾತ್ರೆ ಶುರು ಮಾಡಿದ ನನ್ನ ಭಾವ ಇಂಥದ್ದೇ ಮಾತು ನಂಬಿ ಮಾತ್ರೆ ಬಿಟ್ಟರು. ಕಷಾಯದ ಬಾಟಲಿಗೆ ತಿಂಗಳಿಗೆ 3,000 ಕೊಡುತ್ತಿದ್ದರು. ಅಕ್ಕ ಬಳೆ ಅಡ ಇಟ್ಟಳು. ಟಿಬಿ ಬಂತು, ಉಳಿಯಲಿಲ್ಲ. ನಾನು ದಿನಾ ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ ತಗೊಳ್ಳುತ್ತೇನೆ. ಎಆರ್‌ಟಿ ಕೇಂದ್ರದಲ್ಲಿ ಉಚಿತ. ವೈರಲ್ ಲೋಡ್ ಟೆಸ್ಟಿನಲ್ಲಿ ವೈರಸ್ ಕಾಣುವುದೇ ಇಲ್ಲ, ಹೆಂಡತಿ ನೆಗೆಟಿವ್. ಆದರೂ ಐಸಿಟಿಸಿ ಕಿಟ್‌ನಲ್ಲಿ ನನ್ನ ರಕ್ತ ಹಾಕಿದರೆ ಇವತ್ತಿಗೂ ರಿಯಾಕ್ಟಿವ್, ಯಾಕಂದರೆ ಆಂಟಿಬಾಡಿ ಹೋಗಲ್ಲ. ವೈರಸ್ಸನ್ನೇ ಅಡಗಿಸುವ ಔಷಧಿ ಇಷ್ಟು ವರ್ಷ ತಿಂದರೂ ಬದಲಾಗದ ಟೆಸ್ಟ್ ಸಿಟ್ರಿಜಿನ್‌ಗೆ ಬದಲಾಗುತ್ತಾ? ಇನ್ನೊಂದು ಮಾತು, ಎಲ್ಲರಿಗೂ. ಪಾಸಿಟಿವ್ ಬಂದರೆ ಬದುಕೇ ಮುಗೀತು ಅನ್ನುವ ಹಾಗೆ ಬರೆಯುತ್ತೀರಲ್ಲ, ಓದುವ ನಮಗೂ ನೋವಾಗುತ್ತೆ.

ಹುಬ್ಬಳ್ಳಿಯವ:
ಅಣ್ಣಾ, ನಾನು ಹಾಗೆ ಬರೆದಿಲ್ಲ.

ಶಿವಮೊಗ್ಗದಿಂದ:
ಮನಸ್ಸು ಒಪ್ಪುವ ತನಕ ಟೆಸ್ಟ್ ಮಾಡಿಸು ಅಂದಿರಲ್ಲ ಹುಬ್ಬಳ್ಳಿಯವರೇ, ಅದಕ್ಕೆ ನನಗೆ ಸಿಟ್ಟು ಬಂತು. ಆ ಮನಸ್ಸು ಒಪ್ಪುವುದೇ ಇಲ್ಲ. ನಾನು ಮೊಬೈಲ್ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತಿದ್ದೆ. ಕುತ್ತಿಗೆಯ ಗಂಟು ದೊಡ್ಡದಾಗಿದೆಯಾ ಅಂತ ಒತ್ತಿ ಒತ್ತಿ ಅಲ್ಲೇ ಬಾವು ಬರಿಸಿಕೊಂಡಿದ್ದೆ. ಆ ಬಾವು ನೋಡಿ ಮತ್ತೆ ಭಯ. ರಿಪೋರ್ಟ್ ಬಂದ ದಿನ ಮಾತ್ರ ನಿದ್ದೆ. ಎರಡನೇ ದಿನಕ್ಕೆ ಹೆಸರು ಅದಲು ಬದಲಾಗಿದ್ದರೆ, ಮಾತ್ರೆಯಿಂದ ತಪ್ಪು ಬಂದಿದ್ದರೆ ಅಂತ ಶುರು. 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಅಲ್ಲಿಂದ ಮನೋವೈದ್ಯರ ಹತ್ತಿರ ಹೋದೆ. ಆತಂಕಕ್ಕೆ ಮಾತ್ರೆ ಕೊಟ್ಟರು, ಅದೂ ಟೆಸ್ಟ್ ಕೆಡಿಸಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಹೊಸ ಟೆಸ್ಟ್ ಮಾಡಿಸಬಾರದು, ನೆಟ್‌ನಲ್ಲಿ ಲಕ್ಷಣ ಹುಡುಕಬಾರದು ಅಂತ ಕಟ್ಟುನಿಟ್ಟು ಮಾಡಿದರು. ಮೊದಲ ಕೆಲವು ವಾರ ಬಹಳ ಕಷ್ಟ ಆಯಿತು. ಈಗ ಉಣ್ಣುತ್ತೇನೆ, ಮಲಗುತ್ತೇನೆ.

ಹುಬ್ಬಳ್ಳಿಯವ:
ಎಲ್ಲರೂ ನನ್ನ ಮೇಲೇ ಬೀಳಿ. ನನಗೆ ಆ ಪಿಸಿಆರ್‌ನಿಂದಲೇ ನೆಮ್ಮದಿ ಸಿಕ್ಕಿದ್ದು. ನನ್ನ ದುಡ್ಡು, ನನ್ನ ಜೀವ.

ದಾವಣಗೆರೆ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಮೈಸೂರು ಸರ್, ಒಂದು ಮರೆತಿದ್ದೆ. ಕೂದಲು ಉದುರುತ್ತೆ ಅಂತ ಬಯೋಟಿನ್ 10 ಮಿಲಿಗ್ರಾಂ ಮಾತ್ರೆ ತಗೊಳ್ಳುತ್ತಿದ್ದೇನೆ. ಅದು?

ಮೈಸೂರು ಲ್ಯಾಬ್ ಟೆಕ್ನಿಷಿಯನ್:
ಇದು ಕೇಳಬೇಕಾದ ಪ್ರಶ್ನೆ. ಕೆಲವು ಯಂತ್ರಗಳ ಕಿಟ್‌ನಲ್ಲೇ ಬಯೋಟಿನ್ ಬಳಸುತ್ತಾರೆ. ಅಂಥ ಕಡೆ ಜಾಸ್ತಿ ಪ್ರಮಾಣದ ಮಾತ್ರೆ ಅಡ್ಡ ಬರಬಹುದು. ಮಾಮೂಲಿ ಮಲ್ಟಿವಿಟಮಿನ್‌ನಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕ, ಅದಕ್ಕೆ ತೊಂದರೆ ಇಲ್ಲ. ನಿಮ್ಮದು 10 ಮಿಲಿಗ್ರಾಂ. ಲ್ಯಾಬಿಗೆ ಫೋನ್ ಮಾಡಿ ಅವರ ಕಿಟ್‌ಗೆ ಬಯೋಟಿನ್ ಅಡ್ಡ ಬರುತ್ತಾ ಕೇಳಿ. ಇಲ್ಲ ಅಂದರೆ ಮುಗೀತು, ಫೋರ್ತ್ ಜನರೇಷನ್ ಲ್ಯಾಬ್ ಟೆಸ್ಟಿಗೆ 45 ದಿನ ಸಾಕು, ನಿಮಗೆ ಅದು ದಾಟಿದೆ. ಹೌದು ಅಂದರೆ ಕೂದಲಿನ ಮಾತ್ರೆ ಮೂರು ದಿನ ನಿಲ್ಲಿಸಿ ಒಂದೇ ಒಂದು ಸಲ ಮಾಡಿಸಿ. ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ. ಬಯೋಟಿನ್‌ನಿಂದ ಥೈರಾಯ್ಡ್ ಟೆಸ್ಟಿನ ಅಂಕಿಯೂ ಏರುಪೇರಾಗಬಹುದು, ನಿಮ್ಮ ಡಾಕ್ಟರಿಗೆ ಹೇಳಿ.

ಶಿವಮೊಗ್ಗದಿಂದ:
ಒಂದೇ ಸಲ ತಮ್ಮಾ. ಆಮೇಲೆ ಇಲ್ಲಿಗೆ ಬಂದು ಹೊಸ ಮಾತ್ರೆ ಹೆಸರು ಕೇಳಬೇಡ.

ಹುಬ್ಬಳ್ಳಿಯವ:
ನೋಡಿದಿರಾ, ಇನ್ನೊಂದು ಟೆಸ್ಟ್ ಬೇಕಾಗಬಹುದು ಅಂತ ನಾನು ಹೇಳಿದ್ದೇ ಆಯಿತು. ಹೆಣ್ಣಿನ ಕಡೆಯವರಿಗೆ ಮಾತ್ರ ಟೆಸ್ಟ್ ಸುದ್ದಿ ಎತ್ತಬೇಡ, ಸಂಬಂಧ ಮುರಿಯುತ್ತೆ.

ತುಮಕೂರಿನ ಗೃಹಿಣಿ:
ಯಾಕೆ ಎತ್ತಬಾರದು? ಮದುವೆಗೆ ಮುಂಚೆ ಇಬ್ಬರೂ ಒಟ್ಟಿಗೆ ಹೋಗಿ ಮಾಡಿಸಲಿ. ನನ್ನ ಗಂಡ ಅವತ್ತು ನನ್ನನ್ನು ಅನುಮಾನಿಸಿದರೇ ಹೊರತು ತಾನೂ ಟೆಸ್ಟ್ ಮಾಡಿಸುತ್ತೇನೆ ಅನ್ನಲಿಲ್ಲ. ಆ ಹುಡುಗಿಗೆ ಹಾಗಾಗದಿರಲಿ.