ಕಂಬಿ ಏರಿಸಿ, ಕೈ ಕಟ್ಟಿದರೆ ಸಾಕಾ?

ಸೋಮವಾರಪೇಟೆ ಚಿಕ್ಕಪ್ಪ: (ಫಾರ್ವರ್ಡ್) ಮೆದುಳಿನ ಆಪರೇಷನ್ ಆದವರು ಬೀಳದಿರಲು ಮಂಚದ ಎರಡೂ ಕಡೆ ಕಂಬಿ ಏರಿಸಿ, ಕೈ ಕಟ್ಟಿ. ಎಲ್ಲರಿಗೂ ಕಳುಹಿಸಿ.

ಸೋಮವಾರಪೇಟೆ ಚಿಕ್ಕಪ್ಪ: ಮೈಸೂರಲ್ಲಿ ಅಣ್ಣನ ಹತ್ತಿರ ಇರುವವರು ಓದಿ. ನಿನ್ನೆ ರಾತ್ರಿ ಒಬ್ಬರೇ ಎದ್ದು ಹೊರಟಿದ್ದರಂತೆ.

ನಾನು: ಚಿಕ್ಕಪ್ಪ, ಇದನ್ನು ನಂಬಬೇಡಿ. ನಾನು ವಾರ್ಡಿನಲ್ಲೇ ಕೆಲಸ ಮಾಡುವವಳು. ಕೈ ಕಟ್ಟಿದರೆ ಗಲಿಬಿಲಿಯಾದವರು ಇನ್ನೂ ಒದ್ದಾಡುತ್ತಾರೆ. ಕಂಬಿ ದಾಟಲು ಹೋದರೆ ಇನ್ನೂ ಎತ್ತರದಿಂದ ಬೀಳುತ್ತಾರೆ.

ಸೋಮವಾರಪೇಟೆ ಚಿಕ್ಕಪ್ಪ: ಮತ್ತೆ ಸುಮ್ನೆ ಬಿಟ್ಟುಬಿಡೋದಾ? ತಲೆಗೆ ಇನ್ನೊಂದು ಏಟು ಬಿದ್ದರೆ ಯಾರು ಹೊಣೆ?

ಕುಶಾಲನಗರ ಅತ್ತೆ: ಅಣ್ಣ ಮೊದಲಿಂದಲೂ ಹಟವೇ. ಮೆಣಸು ಕೊಯ್ಯಲು ಏಣಿ ಹತ್ತಬೇಡಿ ಅಂದರೂ ಕೇಳಿದವರಲ್ಲ.

ನಾನು: ಹಟ ಅಲ್ಲ ಅತ್ತೆ. ಗೆಡ್ಡೆ ಇದ್ದದ್ದು ಮೆದುಳಿನ ಬಲಗಡೆ. ಅದಕ್ಕೇ ಎಡಗೈ, ಎಡಗಾಲು ಸೋತಿವೆ. ಸೋತಿವೆ ಅಂತ ದೊಡ್ಡಪ್ಪನಿಗೇ ಗೊತ್ತಾಗುತ್ತಿಲ್ಲ. ತಟ್ಟೆಯ ಎಡಗಡೆ ಬಡಿಸಿದ ಪಲ್ಯ ಹಾಗೇ ಉಳಿದಿತ್ತು ಅಂತ ದೊಡ್ಡಪ್ಪನ ಮಗ, ನಮ್ಮ ಅಣ್ಣ ಹೇಳಿದ, ಅಲ್ವಾ? ಅದಕ್ಕೂ ಇದೇ ಕಾರಣ. ಊತ ಇಳಿಸುವ ಸ್ಟೆರಾಯ್ಡ್ ಜಾಸ್ತಿ ದಿನ ಕೊಟ್ಟರೆ ತೊಡೆಯ ಶಕ್ತಿ ಕುಗ್ಗುತ್ತದೆ. ಫಿಟ್ಸ್ ಮಾತ್ರೆಯಿಂದ ಮಂಪರೂ ಬರಬಹುದು.

ಅಣ್ಣ (ದೊಡ್ಡಪ್ಪನ ಮಗ): ನಿನ್ನೆ ಎದ್ದದ್ದು ಮೂತ್ರಕ್ಕೆ. ನನ್ನನ್ನು ಎಬ್ಬಿಸೋಕೆ ಅಪ್ಪನಿಗೆ ನಾಚಿಕೆಯಂತೆ.

ನಾನು: ತುಂಬಾ ಜನ ಬೀಳೋದು ಹಾಗೆ ಎದ್ದಾಗಲೇ. ಅವರು ಕರೆಯುವ ತನಕ ಕಾಯಬೇಡ. ಮಲಗುವ ಮುಂಚೆ ಕೇಳು, ಆಮೇಲೆ ಎಚ್ಚರವಿದ್ದಾಗೆಲ್ಲ ನೀನೇ ಕೇಳು. ಮಂಚ ಪೂರ್ತಿ ಕೆಳಗಿರಲಿ, ಗಾಲಿಯ ಬ್ರೇಕ್ ನೋಡು. ಬೆಲ್ ಬಲಗೈಗೆ ಸಿಗಬೇಕು. ಎಬ್ಬಿಸಿದ ಕೂಡಲೇ ನಿಲ್ಲಿಸಬೇಡ, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಲಿ. ಮಲಗಿದ್ದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಬಿಪಿ ನೋಡಲು ಸಿಸ್ಟರಿಗೆ ಹೇಳು. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಇಳಿದರೆ ಡಾಕ್ಟರಿಗೆ ತಿಳಿಸಬೇಕು.

ಸೋಮವಾರಪೇಟೆ ಚಿಕ್ಕಪ್ಪ: ದುಡ್ಡು ಕಟ್ಟಿದ್ದೇವೆ. ಇದೆಲ್ಲ ಆಸ್ಪತ್ರೆಯವರ ಕೆಲಸ ಅಲ್ವಾ?

ನಾನು: ಹೌದು, ಅವರದೇ ಕೆಲಸ. ಬೀಳುವ ಅಪಾಯ ಎಷ್ಟಿದೆ ಅಂತ ಅಂಕ ಹಾಕಿದ್ದಾರಾ, ಕೇಳಿ. ಆದರೆ ರಾತ್ರಿ ಪಾಳಿಯ ಸಿಸ್ಟರ್ ಎಷ್ಟು ಮಂಚದ ಹತ್ತಿರ ನಿಲ್ಲಲು ಆಗುತ್ತೆ ಚಿಕ್ಕಪ್ಪ?

ಕುಶಾಲನಗರ ಅತ್ತೆ: ಆ ಹುಡುಗನೂ ಒಬ್ಬನೇ ಎಷ್ಟು ನಿದ್ದೆಗೆಡ್ತಾನೆ, ಪಾಪ.

ಸೋಮವಾರಪೇಟೆ ಚಿಕ್ಕಪ್ಪ: ನಾಳೆ ರಾತ್ರಿಗೆ ನಾನು ಬರುತ್ತೇನೆ. ಕಾಫಿ ಕೊಯ್ಲು ಮನೆಯವರು ನೋಡಿಕೊಳ್ಳಲಿ. ಆದರೂ ಕಂಬಿ ಪೂರ್ತಿ ಇಳಿಸೋಕೆ ನಾನು ಒಪ್ಪಲ್ಲ.

ನಾನು: ಪೂರ್ತಿ ಇಳಿಸಿ ಅನ್ನಲಿಲ್ಲ. ಅದು ಸಿಸ್ಟರ್ ಹೇಳಿದ ಹಾಗೆ ಆಗಲಿ. ಕಟ್ಟೋದು ಮಾತ್ರ ಬೇಡ.

ಸೋಮವಾರಪೇಟೆ ಚಿಕ್ಕಪ್ಪ: ಸರಿ. ನಡೆಸುವಾಗ ಯಾವ ಕಡೆ ಇರಬೇಕು?

ನಾನು: ಎಡಗಡೆ, ಅರ್ಧ ಹೆಜ್ಜೆ ಹಿಂದೆ. ಮೊದಲು ಫಿಸಿಯೋದವರು ನಡೆಸಿ ತೋರಿಸಲಿ. ಮತ್ತೆ ಬರುವಾಗ ಹವಾಯಿ ಚಪ್ಪಲಿ ತರಬೇಡಿ. ಹಿಂದೆ ಪಟ್ಟಿ ಇರುವ, ಜಾರದ ಚಪ್ಪಲಿ ತನ್ನಿ.