ಕರ್ನಾಟಕದ ಈ ಜಿಲ್ಲಾವಾರು ಮಳೆ ನಕ್ಷೆ ಮನುಷ್ಯರು ಮಾಡಿದ್ದಾ, ಎಐಯಾ? ಬೇಗ ಹೇಳಿ

ತುಂತುರು: ಎರಡು ದಿನದಿಂದ ತಲೆ ಕೆಟ್ಟಿದೆ. ನಮ್ಮ ಮಳೆ ಗುಂಪಲ್ಲಿ ಇದೇ ಜಗಳ. ಬಣ್ಣ ಚೆನ್ನಾಗಿದೆ, ಅಕ್ಷರ ಎಡವಟ್ಟು. ಪತ್ತೆ ಹಚ್ಚೋ ಆಪ್‌ಗೆ ಕೊಟ್ರೆ ಎಐ ಅಂತು, ಅಂಚು ಕತ್ತರಿಸಿ ಕೊಟ್ರೆ ಮನುಷ್ಯ ಅಂತು!

ಘಟ್ಟದಂಚು: ಅಕ್ಷರ ಎಡವಟ್ಟು ಅಂದ್ಮೇಲೆ ಇನ್ನೇನು ಕೇಳೋದು? ಎಐಯೇ. ಅದಕ್ಕೆ ಒತ್ತಕ್ಷರ ಬರಲ್ಲ.

ಪೈಥಾನ್ ಪಾಪಣ್ಣ: ಯಾವ ಥರದ ಎಡವಟ್ಟು? ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಪೈಥಾನ್‌ನಲ್ಲಿ ನಕ್ಷೆ ಬರೆಯೋ ಸಾಧನ) ನಾನು ಬರೆದಾಗಲೂ ಒತ್ತು ಕೂತಿರಲಿಲ್ಲ. ಚಿಕ್ಕಮಗಳೂರು ಹೋಗಿ ‘ಚಿಕ್‌ಕಮಗಳೂರು’ ಆಗಿತ್ತು. ಅಲ್ಲಿ ಬಿಡಿ ಅಕ್ಷರ ಸರಿ, ಜೋಡಣೆ ತಪ್ಪು. ಎಐ ಚಿತ್ರದಲ್ಲಾದ್ರೆ ಎಷ್ಟೋ ಸಲ ವರ್ಣಮಾಲೆಯಲ್ಲೇ ಇಲ್ಲದ ಅಕ್ಷರ ಹುಟ್ಟುತ್ತೆ.

ಘಟ್ಟದಂಚು: ಇಂಥ ಪೋಸ್ಟರ್ ದಿನಾ ನೋಡ್ತೀನಿ ಸ್ವಾಮಿ. ಎಐಯೇ.

ಪೈಥಾನ್ ಪಾಪಣ್ಣ: ಸರಿ, ಬಣ್ಣದ ಪಟ್ಟಿ ನೋಡಿ. ಹವಾಮಾನ ಇಲಾಖೆ ಲೆಕ್ಕದಲ್ಲಿ ಶೇ 19ರವರೆಗೆ ಹೆಚ್ಚು-ಕಡಿಮೆ ಆದ್ರೂ ವಾಡಿಕೆ ಮಳೆ. ಶೇ 20ರಿಂದ 59 ಕಡಿಮೆ ಆದ್ರೆ ಕೊರತೆ, 60 ಮುಟ್ಟಿದ್ರೆ ತೀವ್ರ ಕೊರತೆ. ಬಣ್ಣ ಅಲ್ಲೇ ಬದಲಾಗುತ್ತಾ? ಜಿಲ್ಲೆ ಎಷ್ಟಿವೆ?

ತುಂತುರು: ಬಣ್ಣ ಅಲ್ಲೇ ಬದಲಾಗುತ್ತೆ. ಜಿಲ್ಲೆ 30. ಅಯ್ಯೋ, ವಿಜಯನಗರವೇ ಇಲ್ಲ! ಬಳ್ಳಾರಿಯೊಳಗೇ ಇದೆ.

ಘಟ್ಟದಂಚು: ನಾನು ಹೇಳ್ಲಿಲ್ವಾ! ಜಿಲ್ಲೆನೇ ನುಂಗಿದೆ.

ಪೈಥಾನ್ ಪಾಪಣ್ಣ: ಉಲ್ಟಾ ಸ್ವಾಮಿ. ವಿಜಯನಗರ ಜಿಲ್ಲೆ ಆಗಿದ್ದೇ 2021ರಲ್ಲಿ. ಯಾರೋ ಹಳೇ ಶೇಪ್‌ಫೈಲನ್ನೇ (ಜಿಲ್ಲಾ ಗಡಿಗಳ ಫೈಲು) ಉಜ್ಜಿದ್ದಾರೆ, ನಾನೂ ಉಜ್ಜಿದೀನಿ. ಉಳಿದ ಗಡಿಗಳೆಲ್ಲ ನೆಟ್ಟಗಿದ್ರೆ ಇದು ಮನುಷ್ಯರ ಸೋಮಾರಿತನ. ಮೂಲ ಫೈಲ್ ಹಾಕಿ.

ತುಂತುರು: ಮೂಲ ಅಂದ್ರೆ? ಇದು ವಾಟ್ಸಾಪ್‌ನಲ್ಲಿ ಬಂದಿದ್ದರ ಸ್ಕ್ರೀನ್‌ಶಾಟು.

ಪೈಥಾನ್ ಪಾಪಣ್ಣ: ಅದನ್ನ ಮೊದಲೇ ಹೇಳಬಾರದಾ ಮಾರಾಯ್ರೇ! ಒತ್ತು ನಿಜವಾಗಿ ಒಡೆದಿದೆಯೋ, ಚಿತ್ರ ಕುಗ್ಗಿ ಕಲಸಿದೆಯೋ, ಇದರಲ್ಲಿ ಹೇಗೆ ಹೇಳೋದು?

ಹುಲಿಕಲ್ ಹುಡುಗ: ನಕ್ಷೆ ಯಾರು ಮಾಡಿದ್ರೇನು, ಜೋರು ಮಳೆ ಅಂದ್ರೆ ಎಲ್ರಿಗೂ ಆಗುಂಬೆ ಒಂದೇ ಗೊತ್ತು. ನಮ್ಮ ಹುಲಿಕಲ್ ಹೆಸರು ಎಲ್ಲಿ? ನಾನು ತಾರಸಿ ಮೇಲೆ ಟಿಪ್ಪಿಂಗ್ ಬಕೆಟ್ (ತಾನೇ ಎಣಿಸೋ ಮಳೆಮಾಪಕ) ಇಟ್ಟಿದೀನಿ, 0.2 ಮಿ.ಮೀ.ಗೊಂದು ಟಿಕ್. ಫೋಟೋ ಹಾಕ್ಲಾ?

ಘಟ್ಟದಂಚು: ಹಾಕಿ ಹಾಕಿ. ಜೋರು ಮಳೇಲಿ ಅದು ಕಮ್ಮಿ ತೋರಿಸುತ್ತೆ, ಗೊತ್ತು ತಾನೇ? ನನ್ನದು ಕೈಯಲ್ಲಿ ಅಳೆಯೋದು, ದಿನಾ ಬೆಳಿಗ್ಗೆ 8:30ಕ್ಕೆ.

ತುಂತುರು: ಕಳಿಸಿದವರ ಹತ್ರ ಮೂಲ ಸಿಕ್ತು! ಜೂಮ್ ಮಾಡಿದ್ರೆ ‘ದಕ್‌ಷಿಣ ಕನ್‌ನಡ’ ಅಂತಿದೆ. ಪಾಪಣ್ಣ ಸರ್, ಇದ್ದೀರಾ?

ಹುಲಿಕಲ್ ಹುಡುಗ: ತಗೊಳ್ಳಿ ಫೋಟೋ. ಪಕ್ಕದಲ್ಲಿರೋದು ಗಾಳಿಮಾಪಕ, ಅದೂ ನಂದೇ.