ಮಕ್ಕಳೇ ಮಕ್ಕಳಿಗೆ ಸ್ತನ ಕ್ಯಾನ್ಸರ್ ಪಾಠ ಹೇಳಿದರು, ಒಬ್ಬಳು ಹೆದರಿಬಿಟ್ಟಳು. ಮುಂದೇನು ಮಾಡಲಿ?

ಜೀವಶಾಸ್ತ್ರ ಟೀಚರ್:
ನಾನು ಹೈಸ್ಕೂಲ್ ಟೀಚರ್. ಈ ವಿಷಯ ನಾನು ನಿಂತು ಹೇಳಿದರೆ ಎಲ್ಲರೂ ತಲೆ ತಗ್ಗಿಸಿ ಕೂರುತ್ತಾರೆ. ಅದಕ್ಕೇ ಹತ್ತನೇ ತರಗತಿಯ ಆರು ಹುಡುಗಿಯರಿಗೆ ನಾಲ್ಕು ಶನಿವಾರ ಹೇಳಿಕೊಟ್ಟು, ಅವರೇ ಒಂಬತ್ತನೆಯವರಿಗೆ ಹೇಳಲಿ ಅಂತ ಬಿಟ್ಟೆ. ನಾನು ಬಾಗಿಲಾಚೆ ನಿಂತಿದ್ದೆ. ಒಳಗೆ ಮಾತೇ ಮಾತು! ಖುಷಿಯಾಯಿತು.

ಎರಡು ವಾರ ಬಿಟ್ಟು ಒಬ್ಬಳ ತಾಯಿ ಬಂದರು. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ. ಎದೆಯಲ್ಲಿ ಗಂಟು ಸಿಕ್ಕಿದೆ. ಬೆರಳಿಟ್ಟರೆ ಗೋಲಿಯ ಹಾಗೆ ಆಚೀಚೆ ಜಾರುತ್ತದೆ. ಹನ್ನೊಂದು ದಿನ ಯಾರಿಗೂ ಹೇಳಿರಲಿಲ್ಲ. ಡಾಕ್ಟರ್ ನೋಡಿ, ಸ್ಕ್ಯಾನ್ ಮಾಡಿಸಿ, ಫೈಬ್ರೋಅಡಿನೋಮಾ, ಕ್ಯಾನ್ಸರ್ ಅಲ್ಲ ಅಂದರು.

ಪೋಸ್ಟರಿನಲ್ಲಿ ಕೆಂಪಕ್ಷರದಲ್ಲಿ ಇದ್ದದ್ದು ಒಂದೇ ಸಾಲು: 'ಗಂಟು ಕಂಡರೆ ಎಚ್ಚರ!' ಅದಕ್ಕೆ ಒಪ್ಪಿದವಳು ನಾನೇ. ಇದನ್ನು ನಿಲ್ಲಿಸಬೇಕಾ, ಬೇರೆ ಥರ ಮಾಡಬೇಕಾ?

ನರ್ಸಮ್ಮ:
ನಿಲ್ಲಿಸಬೇಡಿ ಮೇಡಂ. ಹದಿಹರೆಯದಲ್ಲಿ ಸ್ತನ ಕ್ಯಾನ್ಸರ್ ತೀರಾ ಅಪರೂಪ. ಆ ವಯಸ್ಸಿನಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಇದೇ ಫೈಬ್ರೋಅಡಿನೋಮಾ. ಮುಟ್ಟಿಗೆ ಮುಂಚೆ ಎದೆ ಗಂಟುಗಂಟಾಗಿ ನೋಯುವುದೂ ಇದೆ. ನಿಮ್ಮ ಹುಡುಗಿಯರು ಪಾಠ ಶುರು ಮಾಡಬೇಕಾದದ್ದೇ ಇಲ್ಲಿಂದ. ಆದರೂ ಹೊಸ ಗಂಟನ್ನು ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು, ಅದನ್ನೂ ಹೇಳಲಿ.

ತಿಂಗಳಿಗೊಮ್ಮೆ ಲೆಕ್ಕ ಹಾಕಿ ಪರೀಕ್ಷೆ ಮಾಡಿಕೊಳ್ಳುವುದನ್ನು ಕಲಿಸಿದ್ದರೆ ಬಿಟ್ಟುಬಿಡಿ. ಶಾಂಘೈನಲ್ಲಿ ಸುಮಾರು 2,66,000 ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಸ್ವಯಂ ಪರೀಕ್ಷೆ ಕಲಿತವರಲ್ಲಿ ಸಾವು ಕಡಿಮೆಯಾಗಲಿಲ್ಲ, ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಜಾಸ್ತಿಯಾಯಿತು. ತನ್ನ ಮೈ ಹೇಗಿರುತ್ತದೆ ಅಂತ ಗೊತ್ತಿದ್ದು, ಬದಲಾದರೆ ಹೇಳಿದರೆ ಸಾಕು.

ಹಾಗಾದರೆ ಇಷ್ಟು ಬೇಗ ಯಾಕೆ ಕಲಿಸಬೇಕು ಅಂತೀರಾ? ಬೆಳೆಯುವ ಸ್ತನ ಸೂಕ್ಷ್ಮ. ಹಿರೋಶಿಮಾ, ನಾಗಸಾಕಿಯ ವಿಕಿರಣಕ್ಕೆ ಚಿಕ್ಕ ವಯಸ್ಸಿನಲ್ಲಿ ಸಿಕ್ಕ ಹುಡುಗಿಯರಿಗೆ ಮುಂದೆ ಈ ರೋಗದ ಅಪಾಯ, ದೊಡ್ಡವರಾದ ಮೇಲೆ ಸಿಕ್ಕವರಿಗಿಂತ ಜಾಸ್ತಿಯಿತ್ತು. ಕುಡಿತವೂ ಅಪಾಯ ಹೆಚ್ಚಿಸುತ್ತದೆ, ಸ್ವಲ್ಪ ಕುಡಿದರೂ. ಓಡಾಟ, ಆಟ ಅದನ್ನು ತಗ್ಗಿಸುತ್ತವೆ. ಇವೆಲ್ಲ ಅಭ್ಯಾಸವಾಗುವುದು ಈ ವಯಸ್ಸಿನಲ್ಲೇ ಅಲ್ವಾ?

ಹದಿನೇಳು:
ನಾನೂ ಎರಡು ವರ್ಷದಿಂದ ಜೂನಿಯರ್ಸ್‌ಗೆ ಹೇಳಿಕೊಡುತ್ತಿದ್ದೇನೆ. ಟೀಚರ್ ಹೊರಗೆ ಹೋದ ಮೇಲೆ ಬರುವ ಪ್ರಶ್ನೆಗಳೇ ಬೇರೆ ಮೇಡಂ. ಬಿಗಿ ಬ್ರಾ ಹಾಕಿದರೆ ಬರುತ್ತಾ? ಬಾಲ್ ತಗುಲಿದರೆ? ಡಿಯೋಡರೆಂಟ್? ಇವುಗಳಿಂದ ಬರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಹೇಳುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ 'ಕೇಳಿಕೊಂಡು ಬಂದು ಹೇಳ್ತೀನಿ' ಅನ್ನುವುದನ್ನೂ ನಮಗೆ ಕಲಿಸಿದ್ದರು. ನನಗೆ ಜಾಸ್ತಿ ಸಹಾಯವಾದದ್ದು ಅದೇ.

ಇನ್ನೊಂದು ವಿಷಯ. ಒಂದು ಸಲ ಎಲ್ಲರಿಂದಲೂ ಮನೆಯವರ ರೋಗದ ಪಟ್ಟಿ ಬರೆಸಿದೆವು. ಒಬ್ಬಳು ಪೆನ್ನಿನ ಮುಚ್ಚಳ ಹಾಕುತ್ತಾ, ತೆಗೆಯುತ್ತಾ ಕೂತಳು, ಒಂದಕ್ಷರ ಬರೆಯಲಿಲ್ಲ. ಅವಳ ಅಮ್ಮನಿಗೆ ಆಗ ಕೀಮೋ ನಡೆಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ದಯವಿಟ್ಟು ಕ್ಲಾಸಿನಲ್ಲಿ ಅದನ್ನು ಬರೆಸಬೇಡಿ. ಈಗ ನಾವು ಬರೀ ಹೇಳುತ್ತೇವೆ: ಸ್ತನ ಕ್ಯಾನ್ಸರ್ ನೂರರಲ್ಲಿ 5ರಿಂದ 10 ಮಾತ್ರ ಹುಟ್ಟಿನಿಂದ ಬಂದ ಜೀನ್ ದೋಷದಿಂದ. ಬಿಆರ್‌ಸಿಎ ಅನ್ನುವ ಜೀನ್‌ಗಳ ದೋಷ ಅಪ್ಪನ ಕಡೆಯಿಂದಲೂ ಬರಬಹುದು. ಅಮ್ಮನಿಗೆ ಬಂತು ಅಂದಮಾತ್ರಕ್ಕೆ ಮಗಳಿಗೆ ಬಂದೇ ಬರುತ್ತದೆ ಅಂತಿಲ್ಲ.

ಜೀವಶಾಸ್ತ್ರ ಟೀಚರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ ಪಟ್ಟಿ ಈ ಶನಿವಾರ ನಾನೂ ಬರೆಸುವವಳಿದ್ದೆ, ತೆಗೆದುಹಾಕಿದೆ. ಪೋಸ್ಟರೂ ಹೊಸದು: 'ಈ ವಯಸ್ಸಿನ ಗಂಟು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಹೆದರಬೇಡಿ, ತೋರಿಸಿ.' ಸರಿ ಇದೆಯಾ?

ನರ್ಸಮ್ಮ:
'ಹೆದರಬೇಡಿ' ತೆಗೆದು, ಆ ಜಾಗದಲ್ಲಿ ಯಾರಿಗೆ ಹೇಳಬೇಕು ಅಂತ ಹೆಸರು ಹಾಕಿ. ನಿಮ್ಮದೊಂದು, ಆ ಆರು ಜನರದ್ದು. ಆ ಹುಡುಗಿ ಹನ್ನೊಂದು ದಿನ ಸುಮ್ನಿದ್ದದ್ದು ಯಾರ ಹತ್ತಿರ ಹೋಗಬೇಕು ಅಂತ ಗೊತ್ತಿಲ್ಲದೆ ಇರಬಹುದು.